ಬಾಗಿಲು ಕಾಯುವ ಮನೆ

ಅಣ್ಣನ ಫೋನ್ ಬಂದಾಗ ಅವನು ಹೇಳುವ ಮೊದಲ 'ಹಲೋ'ವನ್ನು ನಾನು ಈಗಲೂ ತೂಗಿ ನೋಡುತ್ತೇನೆ. ನಾಲಿಗೆ ಎಳೆಯುತ್ತಿದೆಯಾ, ದನಿಯನ್ನು ಬೇಕಂತಲೇ ಗಟ್ಟಿ ಮಾಡಿಕೊಂಡಿದ್ದಾನಾ, ಯಾವತ್ತೂ ಇಲ್ಲದ ಪ್ರೀತಿ ಇವತ್ತು ಯಾಕೆ ಉಕ್ಕುತ್ತಿದೆ. ಒಂದೇ ಉಸಿರಿನಲ್ಲಿ ಮನಸ್ಸು ಇಷ್ಟನ್ನೂ ನೋಡಿ ಮುಗಿಸಿರುತ್ತದೆ. ಆಮೇಲೆ ಅವನು ಏನು ಹೇಳುತ್ತಿದ್ದಾನೆ ಅನ್ನೋದು ಕೇಳಿಸೋಕೆ ಶುರುವಾಗುತ್ತದೆ. ಅವನು ಕೊನೆಯ ಸಲ ಕುಡಿದಿದ್ದು 2018ರ ಮೇ ತಿಂಗಳಲ್ಲಿ. ಆರು ವರ್ಷ ದಾಟಿದೆ. ಆದರೂ ನನ್ನ ಕಿವಿ ತನ್ನ ಕೆಲಸ ಬಿಟ್ಟಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಅವನ ದನಿ ದಪ್ಪಗಿತ್ತು, ಮಾತು ಮೂಗಿನಲ್ಲಿ ಸಿಕ್ಕಿಕೊಂಡ ಹಾಗಿತ್ತು. ನನ್ನ ಕೈಕಾಲು ತಣ್ಣಗಾಯಿತು. ಆ ಫೋನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದನ್ನು ಬರೆಯಲಾ ಅಂತ ಅವನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಬರಿ. ಆದ್ರೆ ನನ್ನದೊಂದೇ ಬರೀಬೇಡ. ನಿಮ್ಮದನ್ನೂ ಬರಿ."

ನಮ್ಮದು ಅಂದರೆ ಏನು ಅಂತ ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಎರಡು ಅರ್ಥದ ಮಾತು

ಕಾಯೋದು ಅಂದರೆ ನಮ್ಮ ಭಾಷೆಯಲ್ಲಿ ಎರಡು ಅರ್ಥ ಅಲ್ವಾ. ಬರುವವರ ದಾರಿ ನೋಡುತ್ತಾ ಕೂರುವುದೂ ಕಾಯೋದೇ, ತೋಟಕ್ಕೆ ಮಂಗ ಇಳಿಯದ ಹಾಗೆ ನಿಲ್ಲುವುದೂ ಕಾಯೋದೇ. ತೀರ್ಥಹಳ್ಳಿ ತಾಲೂಕಿನ ನಮ್ಮ ಮನೆಯಲ್ಲಿ ಹತ್ತು ವರ್ಷ ಈ ಎರಡೂ ಒಂದೇ ಕೆಲಸವಾಗಿತ್ತು. ಅತ್ತಿಗೆ ರಾತ್ರಿ ಜಗಲಿಯ ದೀಪ ಆರಿಸಿ, ಒಳಗಿನ ಕಿಟಕಿಯ ಪಕ್ಕ ಕೂರುತ್ತಿದ್ದರು. ದೀಪ ಉರಿಯುತ್ತಿದ್ದರೆ ಗದ್ದೆಯಾಚೆಯ ಮನೆಯವರಿಗೆ ಇವರ ಮನೆಯ ಯಜಮಾನ ಇನ್ನೂ ಬಂದಿಲ್ಲ ಅಂತ ಗೊತ್ತಾಗುತ್ತದೆ ಅನ್ನೋ ಸಂಕೋಚ. ಗುಡ್ಡದ ತಿರುವಿನಲ್ಲಿ ಬೈಕು ಇಳಿಯುವ ಸದ್ದು ಅವರಿಗೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ಆಮೇಲೆ ದಣಪೆ, ಅಂದರೆ ಅಂಗಳದ ಬಾಯಿಗೆ ಅಡ್ಡ ಹಾಕುವ ಗಳದ ಗೇಟು. ದಣಪೆಯ ಗಳ ಒಂದೇ ಸಲಕ್ಕೆ ಸರಿದರೆ ಅಣ್ಣ ಊಟ ಮಾಡುತ್ತಾನೆ, ಅನ್ನ ಬಿಸಿ ಮಾಡಬೇಕು. ಗಳ ಎರಡು ಮೂರು ಸಲ ಕೈಜಾರಿ ಬಿದ್ದರೆ ಮಗಳನ್ನು ಎಬ್ಬಿಸಿ ಅಮ್ಮನ ಕೋಣೆಗೆ ಕಳಿಸಬೇಕು. ಅವನು ಅಂಗಳ ದಾಟಿ ಬರುವಷ್ಟರಲ್ಲಿ ಮನೆ ತಯಾರಾಗಿರುತ್ತಿತ್ತು.

ಅಮ್ಮನ ಕಾವಲು ಬೇರೆ ಥರದ್ದು. ಅವಳು ಹುಡುಕುತ್ತಿದ್ದಳು. ಬಚ್ಚಲ ಒಲೆಯ ಸೌದೆ ರಾಶಿಯ ಹಿಂದೆ, ಕೊಟ್ಟಿಗೆಗೆ ತಂದ ಒಣ ಎಲೆಯ ದರಕಿನ ಒಳಗೆ, ಪಂಪ್‌ಸೆಟ್ ಮನೆಯ ಮಾಡಿನ ಸಂದಿಯಲ್ಲಿ. ಸಿಕ್ಕಿದ್ದನ್ನು ಬಾಳೆ ಬುಡಕ್ಕೆ ಸುರಿದು ಬಾಟಲಿ ತೊಳೆದಿಡುತ್ತಿದ್ದಳು. ಅವನು ಮತ್ತೆ ತರುತ್ತಿದ್ದ, ಬೇರೆ ಜಾಗ ಹುಡುಕುತ್ತಿದ್ದ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಮ್ಮ ಗುತ್ಯಮ್ಮನ ಜಾತ್ರೆಗೆ ಹಣ್ಣುಕಾಯಿ ಹೇಳಿಕೊಂಡಿದ್ದಳು, ಇನ್ನು ಊರಿಗೆ ಒಳ್ಳೆಯದಾಯಿತು ಅಂತ. ಸಾರಾಯಿ ಹೋದ ಜಾಗಕ್ಕೆ 90 ಎಂಎಲ್‌ನ ಪ್ಯಾಕೆಟ್ ಬಂತು. ಜೇಬಿನಲ್ಲಿ ಕೂರುವಂಥದ್ದು. ಅದನ್ನು ಅಡಗಿಸೋಕೆ ಸೌದೆ ರಾಶಿಯೂ ಬೇಕಿರಲಿಲ್ಲ.

ನಾನು ಶಿವಮೊಗ್ಗದಲ್ಲಿದ್ದೆ. ನನ್ನ ಪಾಲಿಗೆ ಬಂದಿದ್ದು ದುಡ್ಡು ಮತ್ತು ಸುಳ್ಳು. ಅಡಿಕೆ ಬರುವ ಮುಂಚೆಯೇ ಅವನು ಮಂಡಿಯಲ್ಲಿ ಅಡ್ವಾನ್ಸ್ ತೆಗೆದಿರುತ್ತಿದ್ದ. ಮನೆಯ ಮರ್ಯಾದೆ ಅಂತ ಮೂರು ಸಲ ನಾನು ಕಟ್ಟಿದೆ. ನೆಂಟರ ಮದುವೆಗೆ ಅವನು ಬರದಿದ್ದರೆ "ಜ್ವರ ಅವನಿಗೆ" ಅಂತ ನಾನೇ ಹೇಳುತ್ತಿದ್ದೆ. ಎಷ್ಟು ಸಲ ಜ್ವರ ಬಂತು ಅವನಿಗೆ! ನಾನು ಒಳ್ಳೆಯ ತಂಗಿ ಅಂತ ನಂಬಿದ್ದೆ. ಅವನ ಕುಡಿತಕ್ಕೆ ಬರಬೇಕಾಗಿದ್ದ ಬಿಲ್ಲನ್ನು ನಾನು ಮೊದಲೇ ಕಟ್ಟಿಬಿಡುತ್ತಿದ್ದೆ, ಅದು ಅವನ ಕೈಗೆ ತಲುಪುತ್ತಲೇ ಇರಲಿಲ್ಲ ಅನ್ನೋದು ಆಗ ಹೊಳೆಯಲಿಲ್ಲ.

ಅಣ್ಣನ ಮಗಳು ಆಗ ಆರನೇ ಕ್ಲಾಸು. ಅಡಿಗೆಮನೆಯ ಗೋಡೆಗೆ ಹಾಲಿನ ಲೆಕ್ಕದ ಕ್ಯಾಲೆಂಡರ್ ಇತ್ತು. ಅತ್ತಿಗೆ ಅದರಲ್ಲಿ ಡೈರಿಗೆ ಹಾಕಿದ ಲೀಟರು ಬರೆಯುತ್ತಿದ್ದರು. ಒಮ್ಮೆ ರಜಕ್ಕೆ ಹೋದಾಗ ನೋಡುತ್ತೇನೆ, ಕೆಲವು ದಿನಗಳ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಚುಕ್ಕಿ. ಇದೇನು, ಹಸುವಿನ ಲೆಕ್ಕವಾ ಅಂತ ಅತ್ತಿಗೆಯನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಮಗು ತಲೆ ತಗ್ಗಿಸಿ ನಿಂತಿತ್ತು. ಮನೆಯಲ್ಲಿ ನಾವು ಮೂವರೇ ಕಾವಲು ಅಂದುಕೊಂಡಿದ್ದೆವು. ನಾಲ್ಕನೆಯವಳೂ ಇದ್ದಳು.

ಉಂಬಳ

2017ರ ಆಷಾಢದಲ್ಲಿ ನಾವೇ ಬಿಡಿಸಿಬಿಡೋಣ ಅಂತ ತೀರ್ಮಾನ ಮಾಡಿದೆವು. ದೊಡ್ಡಪ್ಪ ಹೇಳಿದರು: "ಮೂರು ದಿನ ಕೋಣೇಲಿ ಕೂಡಿಹಾಕಿ. ತಾನಾಗೇ ಇಳಿಯುತ್ತೆ." ಅಣ್ಣನೂ ಒಪ್ಪಿದ. ಅವನಿಗೂ ಸಾಕಾಗಿತ್ತು. "ಹಾಕಿ ಚಿಲಕ" ಅಂದ. ನಾನು ಒಂದು ವಾರ ರಜೆ ಹಾಕಿ ಹೋಗಿದ್ದೆ.

ಮೊದಲ ಸಂಜೆ ಕಾಫಿ ಲೋಟ ಹಿಡಿಯೋಕೆ ಆಗದಷ್ಟು ಕೈ ನಡುಗಿತು. ರಾತ್ರಿಯೆಲ್ಲ ವಾಂತಿ, ಬೆವರು. ವಿಷ ಹೊರಗೆ ಹೋಗುತ್ತಿದೆ ಅಂತ ನಾವು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೆವು. ಮಾರನೇ ದಿನ ಮಧ್ಯಾಹ್ನ ಫಿಟ್ಸ್ ಬಂತು. ಅಮ್ಮ ಅವನ ಮುಷ್ಟಿಯೊಳಗೆ ಕಬ್ಬಿಣದ ಬೀಗದಕೈ ತುರುಕಿದಳು. ಸ್ವಲ್ಪ ಹೊತ್ತಿಗೆ ನಿಂತು ನಿದ್ದೆ ಹೋದ. ಮಳೆಗೆ ಕರೆಂಟು ಹೋಗಿತ್ತು, ಫೋನಿಗೆ ಸಿಗ್ನಲ್ಲಿಲ್ಲ. ಈ ರಾತ್ರಿ ಕಳೆದರೆ ಗೆದ್ದೆವು ಅಂದುಕೊಂಡೆವು. ಇದನ್ನು ಬರೆಯುವಾಗ ಈಗಲೂ ಮೈ ನಡುಗುತ್ತದೆ.

ಮೂರನೇ ದಿನ ಬೆಳಿಗ್ಗೆ ಅವನು ಕಂಬಳಿಯಿಂದ ಏನೋ ಹೆಕ್ಕುತ್ತಿದ್ದ. "ಉಂಬಳ" ಅಂದ. "ಗೋಡೆ ತುಂಬಾ ಉಂಬಳ ಹತ್ತಿದೆ. ಸುಣ್ಣ ತಗೊಂಡ್ ಬಾರೇ." ಮಲೆನಾಡಿನ ಮಳೆಗಾಲ. ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಮನೆಯೊಳಗೆ ಬರುವುದೂ ಉಂಟು. ನಾನು ನಿಜವಾಗಿಯೂ ದೀಪ ಹಿಡಿದು ಗೋಡೆ ನೋಡಿದೆ. ಏನೂ ಇರಲಿಲ್ಲ. ಅಮ್ಮ ಇದು ಚೌಡಿಯ ಕಾಟ ಅಂತ ಹರಕೆಯ ಕಾಸು ಕಟ್ಟೋಕೆ ಹಳದಿ ಬಟ್ಟೆ ಹುಡುಕಿದಳು. ಆಗ ಅತ್ತಿಗೆ, ಅಷ್ಟು ವರ್ಷ ಗಟ್ಟಿಯಾಗಿ ಮಾತಾಡದಿದ್ದ ಅತ್ತಿಗೆ, "ಜೀಪು ತರಿಸಿ" ಅಂದರು. ಎರಡೇ ಮಾತು.

ತೀರ್ಥಹಳ್ಳಿಯಲ್ಲಿ ನೋಡಿದ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ತಡಮಾಡದೆ ಶಿವಮೊಗ್ಗಕ್ಕೆ ಹೋಗಿ ಅಂದರು. ಮಂಡಗದ್ದೆ, ಸಕ್ರೆಬೈಲು, ಗಾಜನೂರು. ದಾರಿಯುದ್ದಕ್ಕೂ ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅಣ್ಣ ನನ್ನ ಪಕ್ಕ ಕೂತಿದ್ದ. ಅವನು ನನ್ನ ಕೈ ಹಿಡಿದುಕೊಂಡು, ಮೊಣಕೈಯಿಂದ ಕೆಳಗೆ ಒಂದೊಂದಾಗಿ ಉಂಬಳ ಬಿಡಿಸುತ್ತಿದ್ದ. ಇಲ್ಲದ ಉಂಬಳ. "ನಿಂಗೂ ಹತ್ತಿದೆ. ಅಲುಗಾಡಬೇಡ, ಎಳೆದ್ರೆ ರಕ್ತ ನಿಲ್ಲಲ್ಲ" ಅನ್ನುತ್ತಿದ್ದ. ಚಿಕ್ಕವರಿದ್ದಾಗ ಶಾಲೆಗೆ ಹೋಗುವ ಕಾಡುದಾರಿಯಲ್ಲಿ ನನ್ನ ಕಾಲಿಗೆ ಹತ್ತಿದ್ದನ್ನು ಅವನು ಹೀಗೇ ಬಿಡಿಸುತ್ತಿದ್ದ, ಹೀಗೇ ಹೇಳುತ್ತಿದ್ದ. ಬುದ್ಧಿ ಪೂರಾ ಕೆಟ್ಟ ಆ ಹೊತ್ತಿನಲ್ಲೂ ಅವನು ನನ್ನನ್ನು ಕಾಯುತ್ತಿದ್ದ. ಆವತ್ತಿನವರೆಗೆ ನಾನು ಅವನನ್ನು ಮನೆಯ ಕಷ್ಟ ಅಂತ ನೋಡುತ್ತಿದ್ದೆ. ಆ ಒಂದೂವರೆ ಗಂಟೆಯ ದಾರಿಯಲ್ಲಿ ಅವನು ಮತ್ತೆ ನನ್ನ ಅಣ್ಣನಾದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮನ್ನು ಬೈಯಲಿಲ್ಲ, ಕೂರಿಸಿ ವಿವರಿಸಿದರು. ವರ್ಷಗಟ್ಟಲೆ ದಿನಾ ಕುಡಿಯುವವರ ಮೆದುಳು ಆಲ್ಕೋಹಾಲಿನ ಮಂಪರಿನ ವಿರುದ್ಧ ಸದಾ ಜಗ್ಗುತ್ತಾ ಇರುತ್ತದಂತೆ. ಒಂದೇ ಸಲಕ್ಕೆ ಕುಡಿತ ನಿಲ್ಲಿಸಿದರೆ ಮಂಪರು ಹೋಗುತ್ತದೆ, ಜಗ್ಗುವುದು ಮಾತ್ರ ಉಳಿಯುತ್ತದೆ. 6ರಿಂದ 12 ಗಂಟೆಯೊಳಗೆ ನಡುಕ, ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡು ಮೂರನೇ ದಿನಕ್ಕೆ ಈ ಭ್ರಮೆ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಗ್ಲೂಕೋಸ್ ಏರಿಸುವ ಮುಂಚೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡಬೇಕು, ಇಲ್ಲದಿದ್ದರೆ ಮೆದುಳಿಗೆ ಪೆಟ್ಟು. ನಿದ್ದೆಯ ಮಾತ್ರೆಯ ಜಾತಿಯದೇ ಔಷಧಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾ ಬರಬೇಕು. ಇಷ್ಟೆಲ್ಲ ಕೆಲಸವನ್ನು ನಾವು ಒಂದು ಚಿಲಕಕ್ಕೆ ಒಪ್ಪಿಸಿದ್ದೆವು. "ಬಿಡಿಸೋಕೆ ಹೋಗಿ ಮನುಷ್ಯರನ್ನೇ ಕಳ್ಕೊಂಡ ಮನೆಗಳಿವೆ" ಅಂದರು ಅವರು.

ಮೊದಲೇ ಯಾಕೆ ಬರಲಿಲ್ಲ? ಮನೋವೈದ್ಯರ ಬಾಗಿಲಲ್ಲಿ ಯಾರಾದರೂ ನೋಡಿದರೆ ಅನ್ನೋ ಭಯ. ಶಿವಮೊಗ್ಗದವರಿಗೆ ಈ ಭಯ ಇರಬಾರದಿತ್ತು. ಡಾ. ಅಶೋಕ್ ಪೈ ಇದೇ ಊರಲ್ಲಿ ದಶಕಗಟ್ಟಲೆ ಕೂತು, ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಅಂತ ಕನ್ನಡದಲ್ಲಿ ಹೇಳುತ್ತಾ ಬಂದವರು. 2016ರಲ್ಲಿ ತೀರಿಕೊಂಡರು. ಅವರ ಮಾತನ್ನು ನಾನೂ ಕೇಳಿದ್ದೆ, ಬೇರೆಯವರ ಮನೆಗೆ ಅನ್ವಯಿಸುತ್ತದೆ ಅಂದುಕೊಂಡು.

ಕುಡಿಯದ ದಿನ ಏನಾಗುತ್ತೆ?

ಅಣ್ಣ ವಾರ್ಡಿನಲ್ಲಿದ್ದಾಗ ಕೌನ್ಸೆಲರ್ ಮೇಡಂ ನಮ್ಮನ್ನೂ ಕರೆಸಿದರು. ಅಮ್ಮ, ಅತ್ತಿಗೆ, ನಾನು. ನಮಗೆ ಹೇಳೋಕೆ ಬೇಕಾದಷ್ಟಿತ್ತು. ಕುಡಿದು ಬಂದ ರಾತ್ರಿಗಳು, ಒಡೆದ ಪಾತ್ರೆ, ಮಾರಿದ ಬಳೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಅವರು ಕುಡಿಯದೆ ಮನೆಗೆ ಬಂದ ದಿನ ಏನಾಗುತ್ತೆ?"

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಅತ್ತಿಗೆ ಹೇಳಿದರು: "ಏನೂ ಆಗಲ್ಲ. ಆವತ್ತು ನಾನು ಬೇಗ ಮಲಗಿಬಿಡ್ತೀನಿ." ಅಮ್ಮ ಸಣ್ಣ ದನಿಯಲ್ಲಿ ಸೇರಿಸಿದಳು: "ಆವತ್ತೇ ನಾನು ಬೈಯೋದು. ಕುಡಿದಾಗ ಹೇಳಿದ್ರೆ ಕೇಳಿಸಲ್ವಲ್ಲ."

ಯೋಚನೆ ಮಾಡಿದಷ್ಟೂ ಇದು ನನ್ನನ್ನು ಕೊರೆಯುತ್ತದೆ. ಕುಡಿದ ರಾತ್ರಿಗೆ ನಿಂಬೆಹಣ್ಣಿನ ಪಾನಕ, ತಲೆ ಒತ್ತುವುದು, ವಾಂತಿ ಬಳಿಯುವುದು, ಮನೆಯೆಲ್ಲ ಎದ್ದು ಕೂರುವುದು. ಕುಡಿಯದ ಸಂಜೆಗೆ ಆರು ತಿಂಗಳಿನ ಬೈಗುಳ, ಇಲ್ಲವೇ ಮುಚ್ಚಿದ ಬಾಗಿಲು. ಅವನು ಅಪರೂಪಕ್ಕೆ ಒಂದು ದಿನ ಕಷ್ಟಪಟ್ಟು ಹಾಗೇ ಬಂದರೆ ಮನೆ ಅವನಿಗೆ ಕೊಡುತ್ತಿದ್ದುದು ಇದು. ಕುಡಿತ ನಮ್ಮಿಂದ ಬಂತು ಅಂತ ನಾನು ಹೇಳುತ್ತಿಲ್ಲ. ಕುಡಿಯದಿರುವುದಕ್ಕೆ ನಮ್ಮ ಮನೆಯಲ್ಲಿ ಜಾಗವೇ ಇರಲಿಲ್ಲ ಅಂತ ಹೇಳುತ್ತಿದ್ದೇನೆ.

ಆ ಪ್ರಶ್ನೆಯ ಹಿಂದೆ ಒಂದು ಇಡೀ ಪದ್ಧತಿಯೇ ಇದೆ ಅಂತ ಆಮೇಲೆ ಓದಿ ತಿಳಿದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ರಾಬರ್ಟ್ ಮೇಯರ್ಸ್ ಅನ್ನುವವರು ಬೆಳೆಸಿದ್ದು, ಕ್ರಾಫ್ಟ್ ಅಂತ ಹೆಸರು. ಕುಡಿಯುವವರು ಚಿಕಿತ್ಸೆಗೆ ಬರಲ್ಲ ಅಂದರೆ ಮನೆಯವರಿಗೆ ಮೊದಲು ಕಲಿಸುವ ಪದ್ಧತಿ. ಕುಡಿಯದ ಹೊತ್ತನ್ನು ಹೇಗೆ ಸವಿಯಾಗಿಸಬೇಕು, ಕುಡಿದ ಹೊತ್ತಿನಿಂದ ಜಗಳವಿಲ್ಲದೆ ಹೇಗೆ ದೂರ ಸರಿಯಬೇಕು, ಕುಡಿತದ ನಷ್ಟವನ್ನು ತಾವು ತುಂಬದೆ ಹೇಗಿರಬೇಕು, ತಮ್ಮ ಬದುಕನ್ನು ಹೇಗೆ ನೋಡಿಕೊಳ್ಳಬೇಕು. ಹೊಡೆತ ಬಡಿತ ಇರುವ ಮನೆಯಲ್ಲಿ ಮೊದಲು ಜೀವ ಉಳಿಸಿಕೊಳ್ಳುವ ದಾರಿ ಕಲಿಸುತ್ತಾರೆ. 1999ರಲ್ಲಿ ಬಂದ ಒಂದು ಅಧ್ಯಯನದಲ್ಲಿ 130 ಮಂದಿ ಮನೆಯವರನ್ನು ಮೂರು ಗುಂಪು ಮಾಡಿದ್ದರು. ಹೀಗೆ ಕಲಿತವರ ಗುಂಪಿನಲ್ಲಿ ಕುಡಿಯುವವರು ನೂರಕ್ಕೆ 64ರಂತೆ ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರು ಕೂರಿಸಿ ಕೇಳುವ ದಾರಿಯಲ್ಲಿ 30. ದೊಡ್ಡಪ್ಪ, ಮಾವ ಎಲ್ಲ ಸೇರಿ ಜಗಲಿಯಲ್ಲಿ ಅಣ್ಣನನ್ನು ನಿಲ್ಲಿಸಿ ಪಂಚಾಯ್ತಿ ಮಾಡಿದ್ದು ನೆನಪಾಯಿತು. ಅವತ್ತು ಅವನು ಎಲ್ಲದಕ್ಕೂ ಹೂಂ ಅಂದು, ರಾತ್ರಿ ಎರಡರಷ್ಟು ಕುಡಿದು ಬಂದಿದ್ದ.

ಮೂರನೆಯ ಗುಂಪು ಅಲ್-ಅನಾನ್ ದಾರಿಯದು. ಅದರಲ್ಲಿ ಬಂದವರು 13 ಅಷ್ಟೇ. ಆದರೆ ಅದರ ಗುರಿಯೇ ಬೇರೆ. ಕುಡಿತ ಬಿಟ್ಟ ಗಂಡಂದಿರು ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಯಲ್ಲಿ ಕೂತಾಗ ಕಾಯುತ್ತಿದ್ದ ಹೆಂಡತಿಯರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾ ಬೆಳೆದದ್ದು ಅದು. 1951ರಲ್ಲಿ ಎಎ ಶುರು ಮಾಡಿದವರಲ್ಲಿ ಒಬ್ಬರ ಹೆಂಡತಿ ಲೋಯಿಸ್ ವಿಲ್ಸನ್ ಮತ್ತು ಅವರ ಗೆಳತಿ ಅದಕ್ಕೊಂದು ರೂಪ ಕೊಟ್ಟರು. ಅವರು ಹೇಳಿಕೊಳ್ಳುವ ಮಾತು ಮೂರು: ಈ ಕುಡಿತ ನಾನು ತಂದಿದ್ದಲ್ಲ, ಇದನ್ನು ಹಿಡಿದಿಡೋಕೆ ನನ್ನಿಂದಾಗಲ್ಲ, ವಾಸಿ ಮಾಡೋಕೂ ನನ್ನಿಂದಾಗಲ್ಲ. ಇದನ್ನು ಕನ್ನಡದಲ್ಲಿ ಬರೆದು ಅತ್ತಿಗೆಗೆ ಕೊಟ್ಟೆ. ಮೊದಲನೆಯ ಸಾಲು ಓದಿ ಅವರು ಅತ್ತರು. ಮದುವೆಯಾದ ವರ್ಷದಿಂದ ಅಮ್ಮನ ಕಡೆಯ ನೆಂಟರು ಅವರಿಗೆ ಹೇಳುತ್ತಾ ಬಂದದ್ದು ಒಂದೇ ಮಾತು: "ಹೆಂಡತಿ ಸರಿಯಿದ್ರೆ ಗಂಡ ಯಾಕೆ ಕುಡೀತಾನೆ?"

ಆಗ ನಮಗೆ ಕೇಳೋಕೆ ಯಾರೂ ಇಲ್ಲ ಅನ್ನಿಸುತ್ತಿತ್ತು. ಈಗ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಕುಡಿಯುವವರೇ ಮಾಡಬೇಕು ಅಂತಿಲ್ಲ, ಕಿಟಕಿಯ ಪಕ್ಕ ಕೂತವರೂ ಮಾಡಬಹುದು. ನಮ್ಮ ಕಡೆಯ ಊರುಗಳಲ್ಲಿ ಧರ್ಮಸ್ಥಳ ಯೋಜನೆಯವರು ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಅಲ್ಲಿಗೂ ಮನೆಯವರನ್ನು ಕರೆಸುತ್ತಾರೆ. ಶಿಬಿರ ಮುಗಿಸಿದವರು ಆಮೇಲೆ ನವಜೀವನ ಸಮಿತಿ ಅಂತ ಸೇರುತ್ತಾರೆ. ನಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸೋಕೆ ಬರುವ ಒಬ್ಬ ಕೊನೆಗಾರ ಅಲ್ಲಿಂದಲೇ ಹೊಸ ಮನುಷ್ಯನಾಗಿ ಬಂದ. ಜಾಸ್ತಿ ಕುಡಿಯುವವರು ಶಿಬಿರಕ್ಕೆ ಹೋಗುವ ಮುಂಚೆ ಡಾಕ್ಟರಿಗೆ ತೋರಿಸಿಕೊಳ್ಳಿ ಅಂತ ಮಾತ್ರ ನಾನು ಎಲ್ಲರಿಗೂ ಹೇಳುತ್ತೇನೆ. ಆ ಉಂಬಳದ ದಿನ ನೋಡಿದವಳು ನಾನು.

ಮಾತ್ರೆ, ಅರಿಷ್ಟ, ಬೀಗದಕೈ

ಮನೆಗೆ ಬಂದ ಮೇಲೆ ಶುರುವಾಗಿದ್ದು ನಮ್ಮ ಪರೀಕ್ಷೆ. ಲಿವರ್ ನೋಡಿ, ಅಣ್ಣನ ಒಪ್ಪಿಗೆ ತೆಗೆದುಕೊಂಡು ಡಾಕ್ಟರಮ್ಮ ಡೈಸಲ್ಫಿರಾಮ್ ಮಾತ್ರೆ ಬರೆದಿದ್ದರು. ಅದು ಕುಡಿಯುವ ಆಸೆಯನ್ನು ತೆಗೆಯಲ್ಲ. ಆಲ್ಕೋಹಾಲು ದೇಹದಲ್ಲಿ ಕರಗುವ ದಾರಿಯನ್ನು ನಡುವೆ ತಡೆಯುತ್ತದೆ. ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಹೀಗಾಗಬಹುದು. ಅಮ್ಮನಿಗೆ ಒಂದು ಯೋಚನೆ ಬಂತು: "ಅವನು ತಗೊಳ್ದೇ ಇದ್ರೆ? ಕಾಫೀಲಿ ಕರಗಿಸಿ ಕೊಟ್ಬಿಡೋಣ." ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಅನ್ನೋ ಪುಡಿಗಳ ಜಾಹೀರಾತನ್ನು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ನಾವೆಲ್ಲ ನೋಡಿದ್ದೇವಲ್ಲ. ಡಾಕ್ಟರಮ್ಮ ಖಡಾಖಂಡಿತ ಬೇಡ ಅಂದಿದ್ದರು. ಗೊತ್ತಿಲ್ಲದೆ ಕುಡಿದುಬಿಟ್ಟರೆ ಪ್ರಾಣಕ್ಕೇ ಕುತ್ತು. ಬದುಕಿ ಉಳಿದರೂ ಮನೆಯ ಕಾಫಿಯನ್ನು ಅವನು ಮತ್ತೆ ನಂಬುತ್ತಾನಾ?

ಅತ್ತಿಗೆ ಬೇರೆ ದಾರಿ ಕಂಡುಕೊಂಡರು. ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕುವಾಗ ಅಣ್ಣ ಅಲ್ಲೇ ಕೂರುತ್ತಾನೆ. ಅತ್ತಿಗೆ ಎರಡು ಲೋಟ ಕಾಫಿ ತಂದು ತಾವೂ ಕೂತರು. ಮಾತ್ರೆಯ ಪಟ್ಟಿ ಅವನ ಜೇಬಿನಲ್ಲೇ ಇರುತ್ತಿತ್ತು. ಅವನೇ ತೆಗೆಯುತ್ತಿದ್ದ, ನುಂಗುತ್ತಿದ್ದ. ಬಾಯಿ ತೆರೆದು ತೋರಿಸು ಅಂತ ಅವರು ಕೇಳಲಿಲ್ಲ. ಹದಿನೈದು ವರ್ಷದ ಮದುವೆಯಲ್ಲಿ ಅವರಿಬ್ಬರೂ ಜೊತೆಗೆ ಕೂತು ಕಾಫಿ ಕುಡಿಯೋಕೆ ಶುರು ಮಾಡಿದ್ದು ಹಾಗೆ. ಅಮ್ಮನಿಗೂ ಒಂದು ಕೆಲಸ ಬಿತ್ತು. ಅವಳ ಬಾಣಂತನದ ಕಾಲದಿಂದ ಕಪಾಟಿನಲ್ಲಿರುತ್ತಿದ್ದ ದಶಮೂಲಾರಿಷ್ಟದ ಬಾಟಲಿ ಹೊರಗೆ ಹೋಯಿತು. ಅರಿಷ್ಟ ಹುಳಿಯುವಾಗ ತಾನಾಗಿಯೇ ಆಲ್ಕೋಹಾಲು ಹುಟ್ಟುತ್ತದೆ, ಈ ಮಾತ್ರೆಗೆ ಅದೂ ಆಗಲ್ಲ. ಸೌದೆ ರಾಶಿಯಲ್ಲಿ ಹುಡುಕುತ್ತಿದ್ದವಳು ತನ್ನ ಕಪಾಟನ್ನೇ ಖಾಲಿ ಮಾಡಿದಳು.

ಅಡಿಕೆ ಕೊಯ್ಲು ಬಂದಾಗ ದೊಡ್ಡ ಪ್ರಶ್ನೆ ಎದ್ದಿತು. ಕೊಯ್ಲು ಮುಗಿದ ಸಂಜೆ ಆಳುಗಳಿಗೆ ಬಾಟಲಿ ಕೊಡುವುದು ನಮ್ಮಲ್ಲಿ ರೂಢಿ. ಕೊಡದಿದ್ದರೆ ಮುಂದಿನ ಸಲ ಜನ ಬರಲ್ಲ ಅಂತ ಎಲ್ಲರೂ ಹೆದರಿಸಿದರು. ಅತ್ತಿಗೆ ಆಳುಗಳನ್ನೇ ಕೂರಿಸಿ ಹೇಳಿದರು: "ದುಡ್ಡು ಜಾಸ್ತಿ ಕೊಡ್ತೀವಿ, ಕೋಳಿ ಸಾರು ಮಾಡಿ ಬಡಿಸ್ತೀವಿ. ಬಾಟ್ಲಿ ಮಾತ್ರ ಈ ಅಂಗಳಕ್ಕೆ ಬೇಡ. ಯಾಕೆ ಅಂತ ನಿಮಗೆ ಗೊತ್ತಿದೆ." ಅವರಿಗೆ ಗೊತ್ತಿತ್ತು. ಇಬ್ಬರು ಮುಂದಿನ ವರ್ಷ ಬರಲಿಲ್ಲ. ಉಳಿದವರು ಬಂದರು. ಜ್ವರದ ಸುಳ್ಳು ಹೇಳುತ್ತಿದ್ದ ನಮ್ಮ ಮನೆಯಲ್ಲಿ ವಿಷಯವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

'ಬಿಟ್ಟನಾ?'

ಊರಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು, "ಬಿಟ್ಟನಾ?" ಬಿಡೋದು ಅಂದರೆ ಕೈಲಿದ್ದ ಕಲ್ಲು ಕೆಳಗೆ ಹಾಕಿದ ಹಾಗೆ, ಒಂದು ಸಲ ಹಾಕಿದರೆ ಮುಗಿಯಿತು ಅನ್ನೋ ಲೆಕ್ಕ. ನಾವೂ ಹಾಗೇ ನಂಬಿದ್ದೆವು. ಅದಕ್ಕೇ 2018ರ ಮೇನಲ್ಲಿ ಒಂದು ಬೀಗರೂಟದ ರಾತ್ರಿ ಅವನು ಕುಡಿದಾಗ ನಮಗೆ ಆಕಾಶ ಕಳಚಿ ಬಿತ್ತು. ಮಾತ್ರೆ ನಿಂತು ತಿಂಗಳಾಗಿತ್ತು. ಮಾರನೇ ಬೆಳಿಗ್ಗೆ ಅವನೇ ನನಗೆ ಫೋನ್ ಮಾಡಿದ. "ನಿನ್ನೆ ಕುಡಿದೆ ಕಣೆ." ನನ್ನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಹೇಳಲಿಲ್ಲ ಅಷ್ಟೇ. ಹತ್ತು ವರ್ಷದಲ್ಲಿ ನಾವು ಅವನ ಕುಡಿತವನ್ನು ನೂರು ಸಲ ಕಂಡುಹಿಡಿದಿದ್ದೆವು. ಅವನಾಗಿ ಒಂದು ಸಲವೂ ಹೇಳಿರಲಿಲ್ಲ. "ಈಗ ಎಲ್ಲಿದ್ದೀಯಾ?" ಅಂದೆ. "ತೋಟದಲ್ಲಿ." "ಅತ್ತಿಗೆಗೆ ಹೇಳಿದ್ಯಾ?" "ಅವಳೇ ನಿಂಗೆ ಮಾಡು ಅಂದಿದ್ದು." ಆ ಮಧ್ಯಾಹ್ನದ ಬಸ್ಸಿಗೇ ಇಬ್ಬರೂ ಶಿವಮೊಗ್ಗಕ್ಕೆ ಬಂದರು, ಮತ್ತೆ ಡಾಕ್ಟರಮ್ಮನನ್ನು ನೋಡಿದೆವು.

ಆಮೇಲೊಂದು ದಿನ ದೊಡ್ಡಪ್ಪ ಅವನನ್ನು ಚುಚ್ಚಿದರು, ಒಂದು ಸಲ ಬಿಟ್ಟವನು ಮತ್ತೆ ಯಾಕೆ ಹಿಡಿದೆ ಅಂತ. ಅಣ್ಣ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತ ಕರಗಿಸುತ್ತಾ ಕೂತಿದ್ದ. ತಲೆ ಎತ್ತದೆ ಹೇಳಿದ: "ಹೋದ್ ವರ್ಷ ಔಷಧಿ ಹೊಡೆದಿದೀವಿ ಅಂತ ಈ ವರ್ಷ ಸುಮ್ನೆ ಕೂತ್ಕೋತೀವಾ ದೊಡ್ಡಪ್ಪ? ಮಳೆ ಪ್ರತಿ ವರ್ಷ ಬರುತ್ತೆ." ಕೊಳೆ ರೋಗಕ್ಕೆ ಬೆಳೆ ಕಳೆದುಕೊಂಡವರು ದೊಡ್ಡಪ್ಪ. ಮತ್ತೆ ಕೇಳಲಿಲ್ಲ.

ದುಡ್ಡಿನ ವಿಷಯದಲ್ಲಿ ನಾನೇ ಎಲ್ಲರಿಗಿಂತ ಹಿಂದೆ ಬಿದ್ದೆ. ಆ ವರ್ಷದ ಅಡಿಕೆಯನ್ನು ಅಣ್ಣ ಒಬ್ಬನೇ ಶಿವಮೊಗ್ಗದ ಮಂಡಿಗೆ ತರಲಿ ಅಂತ ಅತ್ತಿಗೆ ಹೇಳಿದಾಗ ನಾನು ಬೇಡವೇ ಬೇಡ ಅಂದೆ. ಕೈಗೆ ದುಡ್ಡು, ಎದುರಿಗೆ ಊರು ತುಂಬ ಬಾರು. ಅತ್ತಿಗೆ ಅಂದರು: "ಬೀಗದಕೈ ನನ್ನ ಸೊಂಟದಲ್ಲಿರೋ ತನಕ ಅವ್ರು ಈ ಮನೇಲಿ ನೆಂಟ್ರು." ಅವನು ಬಂದ. ಮಂಡಿ ಮುಗಿಸಿ ವಿನೋಬನಗರದ ನಮ್ಮ ಮನೆಗೆ ಬಂದು ಚಪ್ಪಲಿ ಬಿಡೋಕೆ ಬಗ್ಗಿದ. ನಾನು ನೀರಿನ ಚೊಂಬು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಉಸಿರು ಎಳೆದೆ. ಅವನಿಗೆ ಗೊತ್ತಾಯಿತು. ಬಗ್ಗಿದ್ದವನು ಹಾಗೇ ಸ್ವಲ್ಪ ಹೊತ್ತು ನಿಂತ, ನನಗೆ ಸಾಕಾಗುವಷ್ಟು ಹೊತ್ತು. ಆಮೇಲೆ ಚೊಂಬು ತೆಗೆದುಕೊಂಡು ಕಾಲು ತೊಳೆದ. ಸಿಟ್ಟು ಮಾಡಲಿಲ್ಲ, ಏನೂ ಹೇಳಲಿಲ್ಲ. ನನ್ನ ಜೀವನದಲ್ಲಿ ಅಷ್ಟು ನಾಚಿಕೆಯಾಗಿದ್ದು ಇಲ್ಲ. ಬಾಟಲಿ ಅವನ ಕೈಬಿಟ್ಟಿತ್ತು, ಕಾವಲು ನನ್ನ ಕೈಬಿಟ್ಟಿರಲಿಲ್ಲ. ಅವನಿಗೆ ಆಸ್ಪತ್ರೆ, ಮಾತ್ರೆ, ಗುಂಪು ಎಲ್ಲ ಇತ್ತು. ನಾನು ಯಾವ ವಾರ್ಡಿಗೂ ಸೇರಿರಲಿಲ್ಲ.

ಆ ಫೋನು

ಈಗ ಹೋದ ತಿಂಗಳ ಆ ಬೆಳಿಗ್ಗೆಗೆ ಬರುತ್ತೇನೆ. ದಪ್ಪಗಾದ ದನಿ. ನಾನು ಉಸಿರು ಬಿಗಿಹಿಡಿದು "ಏನಾಯ್ತು?" ಅಂದೆ. ಅವನು ಜೋರಾಗಿ ಸೀನಿದ. ಹಿಂದಿನ ರಾತ್ರಿ ಪಕ್ಕದೂರಿಗೆ ಯಕ್ಷಗಾನ ನೋಡೋಕೆ ಹೋಗಿದ್ದನಂತೆ. ಮೊದಲೆಲ್ಲ ಆಟದ ರಾತ್ರಿ ಅಂದರೆ ಅತ್ತಿಗೆಗೆ ಜಾಗರಣೆಯೇ. ನಿದ್ದೆ ತಡೆಯದೆ ಎರಡು ಗಂಟೆಗೇ ಎದ್ದು ಬಂದನಂತೆ. ಬಾಗಿಲು ತಟ್ಟಿದ. ಯಾರೂ ಏಳಲಿಲ್ಲ. ಕಿಟಕಿ ಬಡಿದ. ಅಮ್ಮನನ್ನು ಕೂಗಿದ, ಮಗಳನ್ನು ಕೂಗಿದ. ಅರ್ಧ ಗಂಟೆ ನಿಂತು, ಕೊನೆಗೆ ಜಗಲಿಯಲ್ಲಿ ಅಡಿಕೆ ಚೀಲಗಳ ಪಕ್ಕ ಖಾಲಿ ಗೋಣಿ ಹೊದ್ದು ಮಲಗಿದ. ಡಿಸೆಂಬರಿನ ಚಳಿ. ಬೆಳಿಗ್ಗೆ ಹಾಲು ಕರೆಯೋಕೆ ಎದ್ದ ಅಮ್ಮ ನೋಡಿದಾಗ ಮೂಗು ಕಟ್ಟಿ ಮಲಗಿದ್ದ.

"ಒಬ್ರಾದ್ರೂ ಏಳೋದು ಬೇಡ್ವಾ? ಮನೆ ಯಜಮಾನ ಹೊರಗೆ ಗಡಗಡ ನಡುಗ್ತಾ ಇದೀನಿ" ಅಂತ ಅವನು ದೂರು ಹೇಳುತ್ತಿದ್ದ. ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು. ಕಷಾಯದ ಲೋಟ ಇಟ್ಟ ಸದ್ದು, ಆಮೇಲೆ ಫೋನಿನ ಹತ್ತಿರ ಬಂದು ನನಗೇ ಹೇಳಿದರು:

"ಕೇಳಿಸ್ಲೇ ಇಲ್ಲ ಕಣೇ. ದಣಪೆ ತೆಗೆದಿದ್ದೂ ಕೇಳಿಸ್ಲಿಲ್ಲ."